ವಾರ್ಡಿನಿಂದ ಐಸಿಯುಗೆ ಹೊರಟವರಿಗೆ

“ಅಕ್ಕಾರ, ವಾರ್ಡಿಗೆ ಬಂದು ವರ್ಷ ಆತ್ರಿ. ಐಸಿಯುದಾಗ ಜಾಗಾ ಐತಿ, ಬಾ ಅನ್ನಾಕತ್ತಾರ. ಹೋಗ್ಲೋ ಬ್ಯಾಡೋ?”

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಎಳೆಯ ನರ್ಸ್‌ಗಳು ಫೋನ್ ಮಾಡಿದಾಗ ಕುಶಲ ಸಮಾಚಾರ ಮುಗಿಯುತ್ತಲೇ ಬರುವ ಪ್ರಶ್ನೆ ಇದು. ಮೇಲವಂಕಿಯಂಥ ಊರುಗಳ ಕಬ್ಬು, ಗೋವಿನಜೋಳದ ಮನೆತನಗಳಿಂದ ಬಂದ ಮಕ್ಕಳು ಇವರು. ಹುಡುಗಿಯರಷ್ಟೇ ಅಲ್ಲ, ನಮ್ಮ ಕಡೆ ಹುಡುಗರೂ ಬಹಳ ಮಂದಿ ಈ ಕೆಲಸಕ್ಕೆ ಬಂದಿದ್ದಾರೆ. ಮೂರು ವರ್ಷದ ಜಿಎನ್‌ಎಂ ಇಲ್ಲವೇ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮುಗಿಸಿ ಗೋಕಾಕದಲ್ಲೋ, ಘಟಪ್ರಭಾದಲ್ಲೋ, ಬೆಳಗಾವಿಯಲ್ಲೋ ಜನರಲ್ ವಾರ್ಡಿನಲ್ಲಿ ಮೊದಲ ಡ್ಯೂಟಿ ಹಿಡಿದವರು. ನಮ್ಮ ಸೀಮೆಗೆ ಶುಶ್ರೂಷೆ ಹೊಸದಲ್ಲ. ಘಟಪ್ರಭಾದ ಕರ್ನಾಟಕ ಆರೋಗ್ಯಧಾಮ ಸ್ವಾತಂತ್ರ್ಯಕ್ಕೂ ಮುಂಚಿನದು. ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರ್ ಅವರ ಹೆಸರು ಅದರೊಂದಿಗೆ ಬೆರೆತುಹೋಗಿದೆ. ಐಸಿಯು ಮಾತ್ರ ನಮ್ಮ ತಾಲ್ಲೂಕುಗಳಿಗೆ ಈಚೆಗೆ ಬಂದದ್ದು. ಹಾಗಾಗಿ ಈ ಮಕ್ಕಳಿಗೆ ದಾರಿ ಹೇಳುವ ಹಿರಿಯರು ಮನೆಯಲ್ಲಂತೂ ಇಲ್ಲ, ಎಷ್ಟೋ ಕಡೆ ಆಸ್ಪತ್ರೆಯಲ್ಲೂ ಇಲ್ಲ.

ನನ್ನ ಉತ್ತರ: ಹೋಗಿ. ವಯಸ್ಸು ಚಿಕ್ಕದಿರುವಾಗಲೇ ಹೋಗಿ. ಆದರೆ ಹೋಗುವ ಮುನ್ನ ಎಲ್ಲರೂ ಕೇಳುವ “ಎಷ್ಟು ವರ್ಷ ವಾರ್ಡ್ ಮಾಡಿರಬೇಕು” ಎಂಬ ಪ್ರಶ್ನೆಗಿಂತ ದೊಡ್ಡದೊಂದಿದೆ. ಮೊದಲ ಮೂರು ತಿಂಗಳು ನಿಮ್ಮ ಪಕ್ಕದಲ್ಲಿ ನಿಲ್ಲುವವರು ಯಾರು? ಅದಕ್ಕೆ ಉತ್ತರ ಸಿಕ್ಕದ ಐಸಿಯುಗೆ ಐದು ವರ್ಷದ ವಾರ್ಡ್ ಅನುಭವ ಹೊತ್ತು ಹೋದರೂ ಕಷ್ಟವೇ. ಉತ್ತರ ಸಿಕ್ಕಿದರೆ ಒಂದು ವರ್ಷವೂ ಸಾಕು.

ಎರಡೂ ಕಡೆ ಕೆಲಸ ಹೇಗೆ ಬೇರೆ ಎಂಬುದನ್ನು ಮೊದಲು ನೋಡೋಣ. ಕೇಂದ್ರ ಸರಕಾರದ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ (ಎಸ್‌ಐಯು) ಮಾನದಂಡದ ಪ್ರಕಾರ ಜನರಲ್ ವಾರ್ಡಿನಲ್ಲಿ 6 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬರು. ವಾರ್ಡಿನ ರಾತ್ರಿ ಪಾಳಿ ಮಾಡಿದ ಯಾರನ್ನಾದರೂ ಕೇಳಿ, ಆರು ಎಂಬ ಸಂಖ್ಯೆ ಕಾಗದದ ಮೇಲೆ ಎಷ್ಟು ಚೆಂದ ಕಾಣುತ್ತದೆಂದು ಹೇಳುತ್ತಾರೆ. ಒಬ್ಬಳೇ ಹುಡುಗಿ ಒಂದು ಇಡೀ ಸಾಲು ಮಂಚಗಳನ್ನು ನೋಡಿಕೊಳ್ಳಬೇಕು. ಒಬ್ಬರ ಸಲೈನ್ ಮುಗಿದಿದೆ, ಇನ್ನೊಬ್ಬರಿಗೆ ಆ್ಯಂಟಿಬಯೋಟಿಕ್ ಹೊತ್ತಾಗಿದೆ, ಮೂಲೆ ಮಂಚದ ಅಜ್ಜನಿಗೆ ಮೂತ್ರ ಕಟ್ಟಿದೆ, ಬೆಳಿಗ್ಗೆ ಆಪರೇಷನ್ ಇರುವ ಹೆಣ್ಣುಮಗಳಿಗೆ ನಿದ್ದೆ ಬಂದಿಲ್ಲ. ಇದರ ನಡುವೆ ಸಂಬಂಧಿಕರು, ಲ್ಯಾಬ್ ರಿಪೋರ್ಟ್, ಡಿಸ್ಚಾರ್ಜ್ ಕಾಗದ. ಯಾರ ಕೆಲಸ ಮೊದಲು, ಯಾರದು ಹತ್ತು ನಿಮಿಷ ತಡೆದರೂ ನಡೆಯುತ್ತದೆ ಎಂದು ತೂಗುವ ಬುದ್ಧಿ ವಾರ್ಡಿನಲ್ಲೇ ಬೆಳೆಯುತ್ತದೆ. ಐಸಿಯುನಲ್ಲಿ ಮಂಚ ಒಂದೋ ಎರಡೋ. ಆದರೆ ಆ ಒಂದು ಮಂಚದ ಮೇಲಿನ ದೇಹದ ಲೆಕ್ಕವನ್ನು ತಾಸಿಗೊಮ್ಮೆ ಬರೆಯಬೇಕು: ಒಳಗೆ ಹೋದ ನೀರೆಷ್ಟು, ಹೊರಗೆ ಬಂದ ಮೂತ್ರವೆಷ್ಟು, ಬಿಪಿ, ನಾಡಿ, ಆಮ್ಲಜನಕ, ಪಾಪೆಯ ಗಾತ್ರ, ವೆಂಟಿಲೇಟರಿನ ಅಂಕಿಗಳು. ವಾರ್ಡಿನ ಕೆಲಸ ಅಗಲ, ಐಸಿಯುದು ಆಳ.

ವಾರ್ಡಿನ ವರ್ಷವನ್ನು ಬರೀ ಕಾಯುವ ವರ್ಷ ಎಂದುಕೊಳ್ಳುವವರು ಬಹಳ. “ಅಲ್ಲೇನ್ರಿ, ಗುಳಿಗಿ ಹಂಚೂದು” ಎನ್ನುತ್ತಾರೆ. ಇದು ಸರಿಯಲ್ಲ. ರೋಗಿ ಕುಸಿಯುವುದಕ್ಕೆ ಮೊದಲು ಕುಸಿಯುತ್ತಿದ್ದಾನೆಂದು ಕಾಣುವ ಕಣ್ಣು ವಾರ್ಡಿನಲ್ಲಿ ಬರಬೇಕು. 1990ರಲ್ಲಿ ಅಮೆರಿಕದ ಮಿಯಾಮಿಯ ವೈದ್ಯರು ಒಂದು ಲೆಕ್ಕ ಕೊಟ್ಟರು. ಆಸ್ಪತ್ರೆಯ ವಾರ್ಡುಗಳಲ್ಲಿದ್ದಾಗಲೇ ಹೃದಯ ನಿಂತ 64 ರೋಗಿಗಳ ಕೇಸ್ ಕಾಗದಗಳನ್ನು ತೆಗೆದು ನೋಡಿದರೆ, ಅವರಲ್ಲಿ 54 ಮಂದಿಯ ಸ್ಥಿತಿ ಹಿಂದಿನ ಎಂಟು ತಾಸಿನೊಳಗೆ ಕೆಟ್ಟದ್ದು ಕಾಗದದಲ್ಲೇ ಇತ್ತು. ಹೃದಯ ಥಟ್ಟನೆ ನಿಂತದ್ದಲ್ಲ, ಹೇಳಿಯೇ ನಿಂತದ್ದು. ಇಂಥ ಅನುಭವಗಳಿಂದಲೇ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ‘ನ್ಯೂಸ್’ ಎಂಬ ಅಂಕ ಪದ್ಧತಿ ತಂದಿತು. ಉಸಿರಾಟ, ಆಮ್ಲಜನಕ, ಬಿಪಿ, ನಾಡಿ, ಎಚ್ಚರ, ಜ್ವರ ಒಂದೊಂದಕ್ಕೂ ಅಂಕ; ಜೊತೆಗೆ ರೋಗಿ ಆಮ್ಲಜನಕದ ಮೇಲಿದ್ದರೆ ಅದಕ್ಕೂ ಅಂಕ. ಕೂಡಿಸಿದಾಗ ಏಳು ಅಥವಾ ಮೇಲಾದರೆ ತುರ್ತು ಎಂದರ್ಥ.

ಇವುಗಳಲ್ಲಿ ನಾವು ಅತಿ ಕಡಿಮೆ ಬೆಲೆ ಕೊಡುವುದು ಉಸಿರಾಟಕ್ಕೆ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. ಎಷ್ಟೋ ಚಾರ್ಟ್‌ಗಳಲ್ಲಿ ಇಡೀ ವಾರ್ಡಿಗೆ ವಾರ್ಡೇ 20 ಉಸಿರಾಡುತ್ತಿರುತ್ತದೆ, ಅಂದರೆ ಯಾರೂ ಎಣಿಸಿಲ್ಲ. ಬಿಪಿಗೆ ಯಂತ್ರವಿದೆ, ಆಮ್ಲಜನಕಕ್ಕೆ ಬೆರಳಿನ ಕ್ಲಿಪ್ ಇದೆ. ಉಸಿರಿಗೆ ಇರುವುದು ನರ್ಸ್‌ನ ಕಣ್ಣು ಮತ್ತು ಕೈಗಡಿಯಾರ. ಸೋಂಕು ರಕ್ತಕ್ಕೆ ಹರಡುವಾಗ, ಪುಪ್ಪುಸದಲ್ಲಿ ನೀರು ತುಂಬುವಾಗ ಎಲ್ಲಕ್ಕೂ ಮೊದಲು ಏರುವುದು ಹಲವು ಸಲ ಉಸಿರಿನ ಎಣಿಕೆಯೇ. ಪೂರ್ತಿ ಒಂದು ನಿಮಿಷ ನಿಂತು ಎಣಿಸುವ ರೂಢಿ ವಾರ್ಡಿನಲ್ಲಿ ಬರದವರಿಗೆ ಐಸಿಯುನ ಮಾನಿಟರ್ ಆ ರೂಢಿ ಕಲಿಸುವುದಿಲ್ಲ.

ನಮ್ಮ ಭಾಗದ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹೊಲಕ್ಕೆ ಹೊಡೆಯುವ ಕೀಟನಾಶಕ ದೇಹ ಸೇರಿ ಆಸ್ಪತ್ರೆಗೆ ಬರುವವರು ರೈತಾಪಿ ಸೀಮೆಯಲ್ಲಿ ಎಲ್ಲೆಡೆ ಇದ್ದಾರೆ. ಆರ್ಗನೋಫಾಸ್ಫೇಟ್ ಜಾತಿಯ ವಿಷವಾದರೆ ಬಂದ ಕೂಡಲೇ ಗುರುತು ಸಿಗುತ್ತದೆ: ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ, ಮೈ ಬೆವರಿ ತೊಯ್ದಿರುತ್ತದೆ, ಎದೆಯಲ್ಲಿ ಗೊರಗೊರ ಸದ್ದು. ಆಟ್ರೋಪಿನ್ ಕೊಡುತ್ತಾರೆ, ರೋಗಿ ಚೇತರಿಸಿಕೊಳ್ಳುತ್ತಾನೆ, ಮಾತಾಡುತ್ತಾನೆ, ಗಂಜಿ ಕುಡಿಯುತ್ತಾನೆ. ಮನೆಯವರು ದೇವರಿಗೆ ಕೈ ಮುಗಿಯುತ್ತಾರೆ, ಐಸಿಯುನಿಂದ ವಾರ್ಡಿಗೆ ಕಳಿಸುತ್ತಾರೆ. ಅಪಾಯದ ಎರಡನೇ ಹೊತ್ತು ಇಲ್ಲಿ ಶುರುವಾಗುತ್ತದೆ. 1987ರಲ್ಲಿ ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಲ್ಲಿಯೆಡ್ಡೆ ಇದನ್ನು ವಿವರಿಸಿ ಬರೆದರು. ವಿಷ ಸೇರಿದ 24ರಿಂದ 96 ತಾಸಿನ ಒಳಗೆ ಕೆಲವರಲ್ಲಿ ಕುತ್ತಿಗೆಯ, ತೋಳು ತೊಡೆಗಳ ಮತ್ತು ಉಸಿರಾಟದ ಸ್ನಾಯುಗಳು ಸೋಲುತ್ತವೆ.

ಇದು ಮೊದಲು ಕಾಣಿಸಿಕೊಳ್ಳುವುದು ಹೇಗೆ ಗೊತ್ತೆ? ಬೆಳಿಗ್ಗೆ ಚಾದರ ಬದಲಿಸಲು ಬಂದ ನರ್ಸ್ “ಸ್ವಲ್ಪ ತಲಿ ಎತ್ರಿ ಕಾಕಾ” ಅನ್ನುತ್ತಾಳೆ. ಕಾಕಾ ಎತ್ತಲು ನೋಡುತ್ತಾನೆ, ತಲೆ ದಿಂಬು ಬಿಟ್ಟು ಮೇಲೇಳುವುದಿಲ್ಲ. ಆಮ್ಲಜನಕ ಇನ್ನೂ 97 ತೋರಿಸುತ್ತಿದೆ, ಬಿಪಿ ಸರಿಯಾಗಿದೆ. “ರಾತ್ರಿ ನಿದ್ದಿ ಆಗಿಲ್ಲ, ಸುಸ್ತಾಗ್ಯಾನ” ಎಂದು ಮಗ ಹೇಳುತ್ತಾನೆ. ಅನುಭವವಿಲ್ಲದವಳು ದಿಂಬು ತಾನೇ ಎತ್ತಿ ಚಾದರ ಹಾಸಿ ಮುಂದಿನ ಮಂಚಕ್ಕೆ ಹೋಗುತ್ತಾಳೆ. ಬಲ್ಲವಳು ಅಲ್ಲೇ ನಿಲ್ಲುತ್ತಾಳೆ. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಲು ಹೇಳುತ್ತಾಳೆ. ನಿನ್ನೆಗಿಂತ ಎಣಿಕೆ ಬೇಗ ನಿಂತರೆ ಡಾಕ್ಟರರಿಗೆ ಫೋನ್ ಹೋಗುತ್ತದೆ, ಮಂಚ ಐಸಿಯುಗೆ ಹೋಗುತ್ತದೆ. ಉಸಿರುಗಟ್ಟಿ ನೀಲಿಯಾದ ಮೇಲೆ ಗಡಿಬಿಡಿಯಲ್ಲಿ ಟ್ಯೂಬ್ ಹಾಕುವುದಕ್ಕೂ, ಮೊದಲೇ ತಿಳಿದು ಸಮಾಧಾನದಿಂದ ಹಾಕುವುದಕ್ಕೂ ಇರುವ ಅಂತರ ಒಂದು ಜೀವ. ಐಸಿಯುಗೆ ಹೋಗುವ ಅರ್ಹತೆ ಏನೆಂದು ಕೇಳಿದರೆ ನಾನು ತೋರಿಸುವುದು ಚಾದರ ಬದಲಿಸುವಾಗಿನ ಈ ಗಮನವನ್ನು.

ಐಸಿಯು ಎಂಬುದೇ ಹುಟ್ಟಿದ್ದು ಪಕ್ಕದಲ್ಲಿ ಕೂತ ಮನುಷ್ಯರಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿತು. ಉಸಿರಾಟದ ಸ್ನಾಯು ಸೋತವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. ಆಗ ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ತೂತು ಮಾಡಿಸಿ, ಟ್ಯೂಬ್ ಹಾಕಿ, ರಬ್ಬರ್ ಚೀಲ ಒತ್ತಿ ಉಸಿರು ಕೊಟ್ಟರು. ಅವಳು ಉಳಿದಳು. ಚೀಲ ಒತ್ತಲು ಯಂತ್ರಗಳಿರಲಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ಸುಮಾರು 1,500 ಮಂದಿ ಪಾಳಿಯ ಮೇಲೆ ಬಂದು ಹಗಲೂ ರಾತ್ರಿ ರೋಗಿಯ ತಲೆಯ ಬಳಿ ಕೂತು ಕೈಯಿಂದಲೇ ಚೀಲ ಒತ್ತಿದರು. ನರ್ಸ್‌ಗಳು ಕಫ ಎಳೆದರು, ಮಗ್ಗುಲು ಬದಲಿಸಿದರು. ಸಾವಿನ ಪ್ರಮಾಣ ಅರ್ಧಕ್ಕೂ ಕೆಳಗೆ ಬಂತು. ಮರುವರ್ಷ, 1953ರ ಕೊನೆಗೆ, ಇಬ್ಸೆನ್ ಅದೇ ನಗರದಲ್ಲಿ ತೀವ್ರ ನಿಗಾ ಘಟಕ ಕಟ್ಟಿದರು. ಇಂದು ಪ್ರತಿ ಐಸಿಯು ಮಂಚದ ತಲೆಯ ಬಳಿ ತೂಗುವ ಅಂಬು ಬ್ಯಾಗ್ ಕೂಡ ಡೆನ್ಮಾರ್ಕಿನಲ್ಲೇ, 1956ರಲ್ಲಿ ಬಳಕೆಗೆ ಬಂತು. ಯಂತ್ರ ಕೈಕೊಟ್ಟ ಕ್ಷಣದಲ್ಲಿ ಇಂದಿಗೂ ಜೀವ ಹಿಡಿಯುವುದು ಅದೇ ಚೀಲ, ಅದನ್ನು ಒತ್ತುವ ಕೈ.

ಹೊಸಬರಿಗೆ ಐಸಿಯುನಲ್ಲಿ ಮೊದಲು ಹೆದರಿಕೆ ಹುಟ್ಟಿಸುವುದು ಅಲಾರ್ಮ್. ಒಂದು ನಿಂತರೆ ಇನ್ನೊಂದು. ಹೆದರಿದ ಕೈ ಸೀದಾ ಸದ್ದು ನಿಲ್ಲಿಸುವ ಗುಂಡಿಗೆ ಹೋಗುತ್ತದೆ. ಹೋಗಬಾರದು. ಕಣ್ಣು ಮೊದಲು ರೋಗಿಯ ಎದೆಗೆ ಹೋಗಬೇಕು: ಎರಡೂ ಕಡೆ ಏಳುತ್ತಿದೆಯೇ? ತುಟಿಯ ಬಳಿ ಟ್ಯೂಬ್ 22 ಸೆಂ.ಮೀ. ಗುರುತಿನಲ್ಲಿ ಕಟ್ಟಿದ್ದರೆ ಈಗಲೂ ಅಲ್ಲೇ ಇದೆಯೇ? ಟ್ಯೂಬ್ ಜಾರಿರಬಹುದು, ಕಫ ಕಟ್ಟಿರಬಹುದು, ಪುಪ್ಪುಸದ ಸುತ್ತ ಗಾಳಿ ಸೇರಿಕೊಂಡಿರಬಹುದು, ಯಂತ್ರವೇ ಕೆಟ್ಟಿರಬಹುದು. ನಾಲ್ಕನ್ನೂ ಈ ಕ್ರಮದಲ್ಲೇ ನೋಡಿಕೊಂಡು ಹೋಗಬೇಕು. ಏನೂ ಗೊತ್ತಾಗದೆ ರೋಗಿ ಇಳಿಯುತ್ತಿದ್ದರೆ ವೆಂಟಿಲೇಟರ್ ಬಿಡಿಸಿ ಅಂಬು ಬ್ಯಾಗ್ ಹಚ್ಚಿ ಕೂಗಬೇಕು. ಐಸಿಯುನಲ್ಲಿ ಕೂಗುವುದಕ್ಕೆ ನಾಚಿಕೆಪಡಬಾರದು.

ಎರಡನೆಯದು ಲೆಕ್ಕ. ವಾರ್ಡಿನಲ್ಲಿ ಔಷಧಿಯನ್ನು ವೈಲ್‌ನಲ್ಲಿ, ಗುಳಿಗೆಯಲ್ಲಿ ಎಣಿಸಿದರೆ ನಡೆಯುತ್ತದೆ. ಇಲ್ಲಿ ಮೈಕ್ರೋಗ್ರಾಂ. ಬಿಪಿ ಬಿದ್ದ ರೋಗಿಗೆ ನಾರ್‌ಅಡ್ರಿನಲಿನ್ ಹಚ್ಚಿದ್ದಾರೆ ಅನ್ನಿ. 50 ಎಂಎಲ್ ಸಿರಿಂಜಿನಲ್ಲಿ 4 ಮಿಲಿಗ್ರಾಂ ಕಲಸಿದರೆ ಒಂದು ಎಂಎಲ್‌ನಲ್ಲಿ 80 ಮೈಕ್ರೋಗ್ರಾಂ. 60 ಕೆ.ಜಿ. ತೂಕದ ರೋಗಿಗೆ ಕೆ.ಜಿ.ಗೆ, ನಿಮಿಷಕ್ಕೆ 0.1 ಮೈಕ್ರೋಗ್ರಾಂ ಬರೆದಿದ್ದರೆ ನಿಮಿಷಕ್ಕೆ 6, ತಾಸಿಗೆ 360 ಮೈಕ್ರೋಗ್ರಾಂ. ಅಂದರೆ ಪಂಪಿನಲ್ಲಿ ತಾಸಿಗೆ 4.5 ಎಂಎಲ್. ಒಂದು ಚುಕ್ಕೆ ತಪ್ಪಿ 45 ಎಂದು ಒತ್ತಿದರೆ ಹತ್ತು ಪಟ್ಟು ಔಷಧಿ ಹೋಗುತ್ತದೆ. ಅದಕ್ಕೇ ಇಂಥ ಔಷಧಿಯನ್ನು ಇಬ್ಬರು ಕೂಡಿ ಲೆಕ್ಕ ಹಾಕಿ ಇಬ್ಬರೂ ಸಹಿ ಮಾಡುವ ಪದ್ಧತಿ. ಇದರಲ್ಲಿ ಪುಸ್ತಕ ಓದಿ ಬಾರದ ಕೈಗೆಲಸವೂ ಒಂದಿದೆ. ಸಿರಿಂಜ್ ಖಾಲಿಯಾದ ಮೇಲೆ ಹೊಸದು ತುಂಬಲು ಕೂತರೆ ಆ ಒಂದೆರಡು ನಿಮಿಷದಲ್ಲೇ ಬಿಪಿ ನೆಲಕ್ಕೆ ಬೀಳುತ್ತದೆ. ಹಾಗಾಗಿ ಹಳೆಯದು ಮುಗಿಯುವ ಮುನ್ನವೇ ಎರಡನೇ ಪಂಪಿನಲ್ಲಿ ಹೊಸ ಸಿರಿಂಜ್ ಸಿದ್ಧವಿಟ್ಟು, ಒಂದು ಇಳಿಸುತ್ತ ಇನ್ನೊಂದು ಏರಿಸಬೇಕು. ಇದನ್ನು ಒಮ್ಮೆ ಹಿರಿಯ ಸಿಸ್ಟರ್ ಕೈ ನೋಡಿ ಕಲಿಯಬೇಕು, ಆಮೇಲೆ ಅವರ ಕಣ್ಣೆದುರು ಮಾಡಿ ತೋರಿಸಬೇಕು.

ಯಂತ್ರಗಳ ನಡುವೆ ಸಣ್ಣ ಕೆಲಸಗಳು ಸಣ್ಣವಾಗಿಯೇ ಕಾಣುತ್ತವೆ: ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರದಲ್ಲಿಡುವುದು, ಬಾಯಿ ಸ್ವಚ್ಛ ಮಾಡುವುದು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಕಣ್ಣು ಒಣಗದಂತೆ ನೋಡುವುದು. ವೆಂಟಿಲೇಟರ್ ಮೇಲಿದ್ದವರಿಗೆ ನ್ಯುಮೋನಿಯಾ ಬರದಂತೆ, ಬೆನ್ನು ಹುಣ್ಣಾಗದಂತೆ ತಡೆಯುವುದು ಇವೇ.

ಇನ್ನು ಐಸಿಯು ಬಾಗಿಲ ಹೊರಗಿನ ಬೆಂಚು. “ಮಷಿನ್ನಿಗೆ ಹಾಕ್ಯಾರಂದ್ರ ಮುಗೀತ್ರಿ, ಊರಿಗೆ ಒಯ್ತೀವಿ” ಎಂಬ ಮಾತನ್ನು ನಮ್ಮ ಕಡೆಯ ಪ್ರತಿ ಐಸಿಯು ನರ್ಸ್ ಕೇಳಿರುತ್ತಾಳೆ. ವೆಂಟಿಲೇಟರ್ ಅಂದರೆ ಸತ್ತವರನ್ನು ಇಟ್ಟುಕೊಳ್ಳುವ ಯಂತ್ರ ಎಂಬ ನಂಬಿಕೆ ಹಳ್ಳಿಗಳಲ್ಲಿ ಆಳವಾಗಿ ಕೂತಿದೆ. ಇದಕ್ಕೆ ಉತ್ತರ ಕಟ್ಟುಹಾವು ಕಡಿದವರಲ್ಲಿದೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಡಿಯುತ್ತದೆ, ಎಷ್ಟೋ ಸಲ ಕಡಿದದ್ದೇ ತಿಳಿಯುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತುಬೀಳುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟ ನಿಲ್ಲುತ್ತದೆ. ಕೈಕಾಲು ಆಡದೆ, ಕಣ್ಣು ತೆರೆಯದೆ ಮಲಗಿದವನು ಹೊರಗಿನವರಿಗೆ ಹೆಣದಂತೆ ಕಾಣುತ್ತಾನೆ. ಒಳಗೆ ಅವನಿಗೆ ಪೂರ್ತಿ ಎಚ್ಚರವಿರಬಹುದು, ಎಲ್ಲವೂ ಕೇಳಿಸುತ್ತಿರಬಹುದು. ವಿಷನಿರೋಧಕ ಕೊಟ್ಟು ವೆಂಟಿಲೇಟರ್ ಮೇಲೆ ಕೆಲವು ದಿನ ಕಾದರೆ ಸ್ನಾಯುಗಳು ಮರಳಿ ಕೆಲಸಕ್ಕೆ ಬರುತ್ತವೆ, ಮನುಷ್ಯ ನಡೆದುಕೊಂಡು ಮನೆಗೆ ಹೋಗುತ್ತಾನೆ. ಅವನಿಗೆ ಆ ದಿನಗಳಲ್ಲಿ ಬೇಕಾದದ್ದು ಯಂತ್ರ, ಮತ್ತು “ಅಣ್ಣಾ, ಈಗ ಕಫ ತೆಗೀತೀನಿ, ಸ್ವಲ್ಪ ಕೆಮ್ಮು ಬರ್ತದ, ಹೆದರಬ್ಯಾಡ್ರಿ” ಎಂದು ಕಿವಿಯ ಬಳಿ ಹೇಳಿ ಕೆಲಸ ಮಾಡುವ ನರ್ಸ್. ಹೊರಗಿನ ಬೆಂಚಿನಲ್ಲಿ ಕೂತ ತಂದೆತಾಯಿಗೆ ಅವರದೇ ಮಾತಿನಲ್ಲಿ ಇದನ್ನು ಬಿಡಿಸಿ ಹೇಳಬಲ್ಲವರು ಮೇಲವಂಕಿಯಂಥ ಊರಿನಿಂದ ಹೋದ ನಮ್ಮ ಮಕ್ಕಳೇ. ಜನರ ಜೊತೆ ಈ ಮಾತಿನ ಬಳಕೆಯನ್ನು ಅವರು ಕಲಿತದ್ದು ವಾರ್ಡಿನಲ್ಲಿ, ನಲವತ್ತು ಮನೆಯವರ ನಡುವೆ ಓಡಾಡಿದ ದಿನಗಳಲ್ಲಿ.

ಹೋದ ಮೊದಲ ವಾರಗಳಲ್ಲಿ ಎದೆಗುಂದುವುದು ಸಹಜ. ವಾರ್ಡಿನಲ್ಲಿ ಎಲ್ಲರೂ “ಸಿಸ್ಟರ್, ಸಿಸ್ಟರ್” ಎಂದು ಕೇಳಿಕೊಂಡು ಬರುತ್ತಿದ್ದರು, ಇಲ್ಲಿ ರಕ್ತದ ಅನಿಲಗಳ ಲೆಕ್ಕ ಹೇಳುವ ಎಬಿಜಿ ರಿಪೋರ್ಟ್ ಹಿಡಿದು ತಾನೇ ಎಲ್ಲರನ್ನೂ ಕೇಳಬೇಕು. ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರ ತಮ್ಮ ಪುಸ್ತಕದಲ್ಲಿ ನರ್ಸ್ ಬೆಳೆಯುವ ಐದು ಹಂತಗಳನ್ನು ಗುರುತಿಸಿ, ಅನುಭವಿ ನರ್ಸ್ ಕೂಡ ಪರಿಚಯವಿಲ್ಲದ ವಿಭಾಗಕ್ಕೆ ಹೋದಾಗ ಮತ್ತೆ ಮೊದಲ ಹಂತಕ್ಕೇ ಇಳಿಯಬಹುದು ಎಂದು ಬರೆದರು. ಬೇರೆ ಹೊಲಕ್ಕೆ ಕಟ್ಟಿದ ಎತ್ತಿಗೂ ಸಾಲು ಹಿಡಿಯಲು ಹೊತ್ತು ಬೇಕು. ಈ ಮಾತನ್ನು ಕಲಿಯುವವರಿಗಿಂತ ಹೆಚ್ಚಾಗಿ ಕಲಿಸುವವರು ನೆನಪಿಡಬೇಕು. “ಇಷ್ಟೂ ಬರಂಗಿಲ್ಲೇನ?” ಎಂಬ ಒಂದು ಗದರಿಕೆ ಕೇಳಿದ ಹುಡುಗಿ ಮರುದಿನದಿಂದ ಪ್ರಶ್ನೆ ಕೇಳುವುದನ್ನೇ ಬಿಡುತ್ತಾಳೆ. ಐಸಿಯುನಲ್ಲಿ ಪ್ರಶ್ನೆ ಕೇಳದ ಹೊಸಬಳಿಗಿಂತ ಅಪಾಯದ ಸಂಗತಿ ಇನ್ನೊಂದಿಲ್ಲ.

2021ರ ಏಪ್ರಿಲ್, ಮೇ ತಿಂಗಳಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ದೇಶದ ತುಂಬ ವಾರ್ಡಿನ ನರ್ಸ್‌ಗಳನ್ನು ಒಂದೆರಡು ದಿನದ ತರಬೇತಿಯಲ್ಲಿ ಐಸಿಯುಗೆ ಕಳಿಸಿದರು. ಪಿಪಿಇ ಒಳಗೆ ಬೆವರುತ್ತ, ಗೊತ್ತಿಲ್ಲದ ಯಂತ್ರಗಳ ಮುಂದೆ ನಿಂತು ಅವರು ಮಾಡಿದ ಕೆಲಸಕ್ಕೆ ನಾವೆಲ್ಲ ಋಣಿ. ಆದರೆ ಆಪತ್ಕಾಲದ ಆ ಪದ್ಧತಿ ಕೆಲವು ಕಡೆ ಈಗಲೂ ಮುಂದುವರಿದಿದೆ: “ಕೋವಿಡ್‌ದಾಗ ಮಾಡ್ಯಾರಲ್ಲ, ಈಗೇನ್?” ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಅಂದು ಬೇರೆ ದಾರಿಯಿರಲಿಲ್ಲ, ಇಂದು ಇದೆ.

ದಾರಿ ಅಂದರೆ ಇಷ್ಟು. ಮೊದಲ ಕೆಲವು ವಾರ ಹೊಸಬರಿಗೆ ಸ್ವಂತ ರೋಗಿ ಕೊಡಬಾರದು. ಗೊತ್ತುಪಡಿಸಿದ ಒಬ್ಬ ಹಿರಿಯರ ಜೊತೆ, ಅವರ ಪಾಳಿಯಲ್ಲೇ ಇರಬೇಕು. ಆಮೇಲೆ ವೆಂಟಿಲೇಟರ್ ಇಲ್ಲದ, ಸ್ಥಿರವಾದ ರೋಗಿ. ಆಮೇಲೆ ವೆಂಟಿಲೇಟರ್ ಇರುವವರು. ಬಿಪಿ ಏರಿಸುವ ಎರಡು ಮೂರು ಔಷಧಿ ಹಚ್ಚಿರುವ ರೋಗಿ ಕೊನೆಗೆ. ಒಬ್ಬರೇ ರಾತ್ರಿ ಪಾಳಿ ಮಾಡುವುದು ಇವೆಲ್ಲ ಮುಗಿದ ಮೇಲೆ. ಇನ್ನೂ ಮುಂದೆ ಓದುವವರಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ, ಬಿಎಸ್ಸಿ ಆದವರಿಗೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ. ಏಮ್ಸ್ ಪರೀಕ್ಷೆಯೋ, ವಿದೇಶದ ಕೆಲಸವೋ ಕಣ್ಣಮುಂದೆ ಇರುವವರು ಇರಬಹುದು, ಅದು ತಪ್ಪಲ್ಲ. ಎಲ್ಲಿಗೇ ಹೋದರೂ ಮೊದಲ ಐಸಿಯುನಲ್ಲಿ ಹತ್ತಿದ ರೂಢಿಯೇ ಜೊತೆಗೆ ಬರುತ್ತದೆ.

ನಮ್ಮ ಊರುಗಳಿಗೆ ಇದು ದೂರದ ವಿಷಯವಲ್ಲ. ಗೋಕಾಕದಿಂದ ಬೆಳಗಾವಿಗೆ 60 ಕಿ.ಮೀ.ಗೂ ಹೆಚ್ಚು ದಾರಿ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿದಾಗ ನಮ್ಮ ಕಡೆಯ ದಾರಿಗಳು ಎಷ್ಟು ಬೇಗ ಮುಚ್ಚಬಹುದೆಂದು ಕಂಡಿದ್ದೇವೆ. ಬೆಳಗಾವಿ ಮುಟ್ಟುವವರೆಗೆ ತಡೆಯದ ರೋಗಿಗಳು ನಮ್ಮ ತಾಲ್ಲೂಕಿನ ಐಸಿಯುಗಳಲ್ಲೇ ಉಳಿಯಬೇಕು. ಫಲಕ ಬರೆಸುವುದು, ಮಾನಿಟರ್ ಕೊಳ್ಳುವುದು ಒಂದು ದಿನದ ಕೆಲಸ. ನರ್ಸ್ ತಯಾರಾಗಲು ತಿಂಗಳುಗಳು ಬೇಕು. ಆಸ್ಪತ್ರೆ ನಡೆಸುವವರು, ನರ್ಸಿಂಗ್ ಸೂಪರಿಂಟೆಂಡೆಂಟರು ಆ ತಿಂಗಳುಗಳ ಸಂಬಳವನ್ನು ಖರ್ಚು ಎಂದು ಬರೆಯದೆ ಐಸಿಯುನ ಉಪಕರಣಗಳ ಲೆಕ್ಕಕ್ಕೇ ಸೇರಿಸಬೇಕು.

ಹೊರಟ ಮಕ್ಕಳಿಗೆ ಒಂದು ಮಾತು. ಸಂದರ್ಶನದಲ್ಲಿ ಸಂಬಳ, ಹಾಸ್ಟೆಲ್, ರಜೆ ಎಲ್ಲ ಕೇಳಿ. ಎದ್ದು ಬರುವ ಮುನ್ನ ಇದನ್ನೂ ಕೇಳಿ: “ಸರ, ಮೊದಲ ಮೂರು ತಿಂಗಳು ನನಗೆ ಕಲಿಸೋರು ಯಾರ‍್ರಿ?” ಹೆಸರು ಹೇಳಿದರೆ ಸೇರಿಕೊಳ್ಳಿ. “ಬಂದ್ ಮ್ಯಾಲ ತಾನಾ ಬರ್ತದ” ಎಂದರೆ ವಾರ್ಡಿನಲ್ಲೇ ಇನ್ನೊಂದು ಆರು ತಿಂಗಳು ಇದ್ದು ಬೇರೆ ಆಸ್ಪತ್ರೆ ನೋಡಿ.